ಎರಡು ಸಾವಿರದ ನಾನೂರ ಎಪ್ಪತ್ತು ಕೆಜಿ

ಬಚ್ಚಲಿನ ಡ್ರಮ್ಮು ಅರ್ಧ ಮಾತ್ರ ತುಂಬಿದೆ ಎಂಬುದು ಒಳಗೆ ಇಣುಕದೆಯೇ ಅವನಿಗೆ ಗೊತ್ತಾಯಿತು. ಮಡಚಿದ ಬೆರಳಿನ ಗೆಣ್ಣಿನಿಂದ ಮೇಲಿನಿಂದ ಕೆಳಗೆ ತಟ್ಟುತ್ತ ಬಂದರೆ ಒಂದು ಕಡೆ ಠಣ್ ಎನ್ನುವುದು ನಿಂತು ದಬ್ ಎನ್ನುವುದು ಶುರುವಾಗುತ್ತದೆ. ನೀರಿನ ಮಟ್ಟ ಅಲ್ಲಿ. ಹೀಗೆ ತಟ್ಟುವುದು ಅವನ ಉದ್ಯೋಗದಿಂದ ಬಂದದ್ದು, ಆದರೆ ಮನೆಗೆ ಬಂದದ್ದು ಹದಿನಾಲ್ಕು ತಿಂಗಳಿಂದ. ಗ್ಯಾಸ್ ಸಿಲಿಂಡರು, ಹಿಟ್ಟಿನ ಡಬ್ಬ, ಆಸ್ಪತ್ರೆಯ ಬೆಂಚು, ಬಸ್ಸಿನಲ್ಲಿ ಪಕ್ಕದವರ ಸೂಟ್‌ಕೇಸು, ಎಲ್ಲದರ ಹೊಟ್ಟೆಯೊಳಗೆ ಏನಿದೆ ಎಂದು ಅವನಿಗೆ ತಿಳಿಯಬೇಕು. ಹೆಂಡತಿ ಮೊದಮೊದಲು ನಗುತ್ತಿದ್ದಳು. "ಏನ್ರೀ, ಗೋಡೆ ಒಳಗೆ ಯಾರಾದ್ರೂ ಇದಾರಾ? ಬಾಗಿಲು ಬಡಿಯೋ ಹಾಗೆ ಬಡೀತೀರಲ್ಲ," ಎಂದು. ಈಚೆಗೆ ನಗುವುದಿಲ್ಲ. ಅವನು ನಿದ್ದೆಯಲ್ಲಿ ಮಂಚದ ಪಟ್ಟಿಗೆ ತಟ್ಟಿದಾಗ ಅವಳು ಆ ಕೈಯನ್ನು ಹಿಡಿದು ದಿಂಬಿನ ಕೆಳಗೆ ಸೇರಿಸಿಬಿಡುತ್ತಾಳೆ, ಕೂಗುವ ಅಲಾರಮ್ಮನ್ನು ಸೇರಿಸಿದ ಹಾಗೆ.

ಅವನು ಮುಖ ಒರೆಸಿಕೊಳ್ಳುತ್ತ ಹೊರಗೆ ಬಂದಾಗ ಅವಳು ಒಲೆಯ ಕಡೆ ಮುಖ ಮಾಡಿಕೊಂಡೇ ಹೇಳಿದಳು: "ನಿಮ್ಮಕ್ಕ ಇವತ್ತು ಯಾರ್ಡಿಗೆ ಬರ್ತಾರಂತೆ. ಟ್ರ್ಯಾಕ್ಟರ್ ಮಾರಿದ್ರಂತೆ. ಸಾಗಿಸೋಕೆ ಟ್ರೇಲರ್ ಬೇಕಂತೆ."

"ಯಾವ ಟ್ರ್ಯಾಕ್ಟರ್?"

"ಯಾವ ಟ್ರ್ಯಾಕ್ಟರ್ ಅಂದ್ರೆ? ಅವರ ಹತ್ರ ಹತ್ತಿದಾವಾ?"

ಇರುವುದು ಒಂದೇ. ಅದು ಅಕ್ಕನ ಗಂಡನದು, ಅಂದರೆ ಅವನ ಭಾವನದು. ಭಾವ ಸತ್ತದ್ದು ಅದನ್ನು ಸಾಗಿಸುವಾಗ. ಸಾಗಿಸಿದ್ದು ಇವನ ಯಾರ್ಡಿನ ಟ್ರೇಲರಿನಲ್ಲಿ. ಆ ಟ್ರೇಲರ್ ಸಾಕು ಎಂದು ಚೀಟಿಯಲ್ಲಿ ಬರೆದುಕೊಟ್ಟದ್ದು ಇವನ ಕೈ. ಇದಿಷ್ಟೂ ಎಲ್ಲರಿಗೂ ಗೊತ್ತಿರುವುದೇ, ಯಾರೂ ಇವನನ್ನು ಒಂದು ಮಾತು ಅಂದಿಲ್ಲ. ಅಂದಿದ್ದರೆ ಅವನು ಈ ಹದಿನಾಲ್ಕು ತಿಂಗಳಲ್ಲಿ ಕೊಂಚ ಸರಿಯಾಗಿ ಊಟ ಮಾಡುತ್ತಿದ್ದನೋ ಏನೋ.

ಯಾರ್ಡು ಹೆದ್ದಾರಿ ಬಾಗುವ ಕಡೆ ಇದೆ. ತಗಡಿನ ಬೇಲಿಯೊಳಗೆ ಹನ್ನೊಂದು ಬಾಡಿಗೆ ಟ್ರೇಲರುಗಳು ಮೂತಿಯನ್ನು ನೆಲಕ್ಕೂರಿ ಹಿಂಭಾಗ ಎತ್ತಿ ನಿಂತಿರುತ್ತವೆ, ಏನೋ ಕಳಕೊಂಡು ಹುಡುಕುತ್ತಿರುವ ಹಾಗೆ. ಬಂದವರಿಗೆ ಯಾವುದು ಬೇಕೆಂದು ಹೇಳುವುದು ಅವನ ಕೆಲಸ. ಸುಲಭವೆಂದು ಬಂದವರೆಲ್ಲ ತಿಳಿದಿರುತ್ತಾರೆ, ಏಕೆಂದರೆ ಬರುವಾಗಲೇ ಅವರು ಕಂಪನಿಯ ಪುಸ್ತಕದಿಂದ ಒಂದು ಅಂಕಿಯನ್ನು ಬಾಯಿಪಾಠ ಮಾಡಿಕೊಂಡು ಬಂದಿರುತ್ತಾರೆ. ಪುಸ್ತಕದ ಟ್ರ್ಯಾಕ್ಟರು ಡೀಸೆಲ್ ಕುಡಿದಿರುವುದಿಲ್ಲ; ಅದರ ಹಿಂದೆ ಮಣ್ಣು ಪುಡಿಮಾಡುವ ರೋಟವೇಟರ್ ನೇತಾಡುವುದಿಲ್ಲ; ಮೂತಿಗೆ ಭಾರಕ್ಕೆಂದು ಕಬ್ಬಿಣದ ಬಿಲ್ಲೆಗಳನ್ನು ಸಿಕ್ಕಿಸಿರುವುದಿಲ್ಲ; ಗುರುತಿನ ಚೀಟಿಯ ಫೋಟೋದಲ್ಲಿರುವ ಮನುಷ್ಯನಂತೆ ಅದು ಎಲ್ಲೂ ಇಲ್ಲದ ಟ್ರ್ಯಾಕ್ಟರು. ಟ್ರೇಲರಿನ ಅಂಕಿಯೂ ಹಾಗೆಯೇ. ಮೂರೂವರೆ ಟನ್ ಎಂದು ತಗಡಿನ ಮೇಲೆ ಒತ್ತಿದ್ದರೆ ಅದರಲ್ಲಿ ಟ್ರೇಲರಿನದೇ ಒಂಬೈನೂರು ಕೆಜಿ. ಉಳಿದ ಎರಡು ಸಾವಿರದ ಆರುನೂರನ್ನಷ್ಟೇ ಅದು ಹೊರುತ್ತದೆ. ಈ ಕಳೆಯುವ ಲೆಕ್ಕ ಹೇಳಿದಾಗ ಜನ ಜೇಬು ಮುಟ್ಟಿ ನೋಡಿಕೊಳ್ಳುತ್ತಾರೆ. ಅಷ್ಟರಮೇಲೆ ಅವನು ಎದ್ದುಹೋಗಿ ಟ್ರ್ಯಾಕ್ಟರಿನ ಹಿಂದಿನ ದೊಡ್ಡ ಗಾಲಿಗಳಿಗೆ ತಟ್ಟುತ್ತಾನೆ. ಕೆಸರಿನಲ್ಲಿ ಗಾಲಿ ಜಾರದೆ ಕಚ್ಚಿಕೊಳ್ಳಲಿ ಎಂದು ಕೆಲವರು ಟೈರಿಗೆ ಗಾಳಿಯ ಬದಲು ಮುಕ್ಕಾಲು ಪಾಲು ನೀರು ತುಂಬಿಸಿರುತ್ತಾರೆ. ಹೊರಗಿನಿಂದ ಕಾಣುವುದಿಲ್ಲ. ತುಂಬಿಸಿದವರಿಗೇ ಮರುವರ್ಷ ಮರೆತಿರುತ್ತದೆ. ಲಾರಿಗಳನ್ನು ತೂಗುವ ತೂಕದ ಕಟ್ಟೆ ಇರುವುದು ಹನ್ನೊಂದು ಕಿಲೋಮೀಟರ್ ದೂರದಲ್ಲಿ. ಅಲ್ಲಿಗೆ ಹೋಗಿ ತೂಗಿಸಿಕೊಂಡು ಬಂದವನನ್ನು ಅವನು ಇನ್ನೂ ನೋಡಿಲ್ಲ. ಆದ್ದರಿಂದ ತಟ್ಟಬೇಕು. ಯಜಮಾನರು ಅವನನ್ನು ಪಂಡಿತರೇ ಎನ್ನುವುದು ಈ ಕಾರಣಕ್ಕೆ. ಭಾವ ಇಟ್ಟ ಹೆಸರು ತಕ್ಕಡಿ. ಇಡೀ ಮನೆತನದಲ್ಲಿ ಅವನ ಕೆಲಸದ ಬಗ್ಗೆ ಹೆಮ್ಮೆಪಟ್ಟಿದ್ದ ಒಬ್ಬನೇ ಮನುಷ್ಯ ಭಾವ. ಆ ಹೆಮ್ಮೆಯನ್ನು ತಮಾಷೆಯ ಹೊರತು ಬೇರೆ ರೂಪದಲ್ಲಿ ತೋರಿಸಲು ಅವನಿಗೆ ಬರುತ್ತಿರಲಿಲ್ಲ, ಅಷ್ಟೆ.

ಅವನು ತಲುಪುವಷ್ಟರಲ್ಲಿ ಟ್ರ್ಯಾಕ್ಟರ್ ಬಂದಾಗಿತ್ತು. ಮೆಕ್ಯಾನಿಕ್ಕು ಅದನ್ನು ಅಕ್ಕನ ಮನೆಯಿಂದ ಇನ್ನೊಂದು ಟ್ರ್ಯಾಕ್ಟರಿಗೆ ಕಟ್ಟಿ ನಿಧಾನವಾಗಿ ಎಳೆದು ತಂದು, ಆಫೀಸಿನ ಹಿಂದಿನ ಸಿಮೆಂಟು ನೆಲದ ಮೇಲೆ ನಿಲ್ಲಿಸಿ ಹೋಗಿದ್ದ. ಬಾನೆಟ್ಟಿನ ಎಡಭಾಗ ಒಳಕ್ಕೆ ಹೋದದ್ದು ಹಾಗೇ ಇತ್ತು. ಗೇಟಿನ ಬಳಿ ಕೊಂಡವರ ಪಿಕಪ್ ನಿಂತಿತ್ತು. ಅದರ ಡ್ರೈವರು ಸೀಟಿನಲ್ಲಿ ಅಡ್ಡ ಮಲಗಿ ಎರಡೂ ಪಾದಗಳನ್ನು ಕಿಟಕಿಯಿಂದ ಹೊರಗೆ ಚಾಚಿ ನಿದ್ದೆ ಹೋಗಿದ್ದ. ಬಿಳಿಚಿದ, ಬಿರುಕುಬಿಟ್ಟ ಎರಡು ಅಂಗಾಲುಗಳು. ಅವನಿಗೆ ಅವುಗಳನ್ನು ನೋಡಬಾರದೆನ್ನಿಸಿತು, ನೋಡಿದ. ಅವತ್ತು ಆಸ್ಪತ್ರೆಯಲ್ಲಿ ಭಾವನಿಗೆ ಹೊದಿಸಿದ ಬಿಳಿ ಬಟ್ಟೆ ಗಿಡ್ಡವಾಗಿತ್ತು. ಯಾವ ಅಳತೆಯನ್ನೂ ಬಿಡದ ಅಕ್ಕ, ಹೊಲಿಗೆ ಅಂಗಡಿಯ ಅಕ್ಕ, ಅದನ್ನು ಕೆಳಗೆ ಎಳೆದು, ಮೇಲೆ ಎಳೆದು, ಕೊನೆಗೆ ಕೈಚೆಲ್ಲಿ ಹೇಳಿದ್ದಳು, ಇವರಿಗೆ ಯಾವತ್ತೂ ಯಾವುದೂ ಸಾಲಲಿಲ್ಲ.

ಅವಳು ಆಫೀಸಿನಲ್ಲಿ ಯಜಮಾನರ ಎದುರು ಕೂತಿದ್ದಳು. ಕುತ್ತಿಗೆಯಲ್ಲಿ ಅಳತೆಯ ಟೇಪು ಹಾಗೇ ನೇತಾಡುತ್ತಿತ್ತು. ಅಂಗಡಿಯಿಂದ ನೇರ ಬಂದಿರಬೇಕು. ಯಜಮಾನರು ತಮ್ಮ ಎರಡು ಕುರ್ಚಿಗಳ ಪೈಕಿ ಒಳ್ಳೆಯದನ್ನು ಅವಳಿಗೆ ಕೊಟ್ಟು, ಅಲುಗಾಡುವುದರಲ್ಲಿ ತಾವು ಕೂತು, ಸಾವಿನ ಮನೆಯವರೆದುರು ಬಳಸುವ ಒಂದು ಬಗೆಯ ತಗ್ಗಿದ ದನಿಯಲ್ಲಿ ಡೀಸೆಲಿನ ಬೆಲೆಯ ಬಗ್ಗೆ ಮಾತಾಡುತ್ತಿದ್ದರು.

"ಬಾರೋ," ಅಂದಳು ಅಕ್ಕ. "ಅದೇ ಟ್ರೇಲರ್ ಕೊಡು. ನೀಲಿದು. ರಿಪೇರಿ ಆಗಿ ಬಂದಿದೆಯಂತಲ್ಲ."

"ಅದು ಬೇಡ ಅಕ್ಕ."

"ಯಾಕೆ, ದೆವ್ವ ಹಿಡಿದಿದೆಯಾ ಅದಕ್ಕೆ?"

ಯಜಮಾನರು ನಗಬೇಕೋ ಬೇಡವೋ ತಿಳಿಯದೆ ಕೆಮ್ಮಿದರು. ಅಕ್ಕ ಬ್ಯಾಗಿನ ಒಳಜೇಬಿನಿಂದ ನಾಲ್ಕು ಮಡಿಕೆಯ ಒಂದು ಕಾಗದ ತೆಗೆದು ಮೇಜಿನ ಮೇಲೆ ಬಿಡಿಸಿಟ್ಟಳು. ಮಡಿಕೆಗಳು ಸವೆದಿದ್ದವು, ಎಷ್ಟು ಸಲ ಬಿಡಿಸಿರಬೇಕು. ಅವನ ಕೈಬರಹ, ಅವನ ಪೆನ್ಸಿಲು. ಟ್ರ್ಯಾಕ್ಟರ್ ೧೯೫೦. ರೋಟವೇಟರ್ ೩೮೦. ಬಿಲ್ಲೆ ೧೦೦. ಡೀಸೆಲ್ ಇತ್ಯಾದಿ ೪೦. ಒಟ್ಟು ೨೪೭೦. ಕೆಳಗೆ, ಎರಡು ಗೆರೆ ಎಳೆದು: ಹಿಡಿಯುತ್ತದೆ.

"ಇವರ ಶರ್ಟಿನ ಜೇಬಲ್ಲಿತ್ತು," ಅಂದಳು. "ಅದೇ ಟ್ರ್ಯಾಕ್ಟರ್, ಅದೇ ರೋಟವೇಟರ್, ಎರಡನ್ನೂ ಸೇರಿಸೇ ಮಾರಿದೀನಿ. ಹೊಸದಾಗಿ ಲೆಕ್ಕ ಹಾಕೋ ಕಷ್ಟನೂ ನಿನಗಿಲ್ಲ. ನಿನ್ನ ಲೆಕ್ಕ ಸರಿಯಿತ್ತು ಕಣೋ. ರಿಪೋರ್ಟಲ್ಲೇ ಬರೆದಿದಾರೆ, ಭಾರ ಮಿತಿಯೊಳಗಿತ್ತು ಅಂತ. ಓಡಿಸಿದ ಮನುಷ್ಯನಿಗೇ ಮಿತಿ ಇರಲಿಲ್ಲ."

ರಿಪೋರ್ಟು ಬರೆದವರೂ ತೂಗಿರಲಿಲ್ಲ. ಪುಸ್ತಕ ನೋಡಿದ್ದರು, ಇವನ ಚೀಟಿ ನೋಡಿದ್ದರು, ಎರಡೂ ಒಂದನ್ನೊಂದು ಒಪ್ಪಿಕೊಂಡಿದ್ದವು. ಇಳಿಜಾರಿನಲ್ಲಿ ಟ್ರೇಲರ್ ಬಾಲ ಆಡಿಸಿದ ಹಾಗೆ ಆಡಿತು, ಒಂದು ಸಲ ಎಡಕ್ಕೆ, ಒಂದು ಸಲ ಬಲಕ್ಕೆ, ಮೂರನೆಯ ಸಲಕ್ಕೆ ಪಿಕಪ್ಪನ್ನೇ ಎತ್ತಿ ಒಗೆಯಿತು ಎಂದು ಹಿಂದಿನ ಲಾರಿಯವನು ಹೇಳಿದ್ದ. ಬಾಲ ಆಡುವುದು ಹಿಂದುಗಡೆ ಭಾರ ಹೆಚ್ಚಾದಾಗ ಎಂಬುದು ಯಾರಿಗೂ ಹೊಳೆಯಲಿಲ್ಲ. ವೇಗ ಎಂಬ ಪದ ಎಲ್ಲರ ಕೈಗೂ ಹತ್ತಿರದಲ್ಲಿತ್ತು. ಅತಿವೇಗದ ಚಾಲನೆ ಎಂದು ಬರೆದರು. ಊಟದಲ್ಲಿ ಅವಸರ, ಮಾತಿನಲ್ಲಿ ಅವಸರ, ಬೇರೆಯವರ ಜೋಕಿಗೆ ನಗುವುದರಲ್ಲೂ ಅವಸರದ ಭಾವ ಸ್ಟೀರಿಂಗ್ ಹಿಡಿದರೆ ಮಾತ್ರ ಹಿಂದಿನವರು ಹಾರನ್ ಹೊಡೆದು ಹೊಡೆದು ಸುಸ್ತಾಗಬೇಕಿತ್ತು. ಇದು ಅಕ್ಕನಿಗೂ ಗೊತ್ತಿದ್ದದ್ದೇ. ಆದರೆ ಸೀಲು ಒತ್ತಿದ ಕಾಗದ ಒಂದು ಕಡೆ, ಹದಿನೆಂಟು ವರ್ಷ ಪಕ್ಕದ ಸೀಟಿನಲ್ಲಿ ಕೂತದ್ದು ಒಂದು ಕಡೆ. ಅವಳು ಕಾಗದವನ್ನು ನಂಬಿದಳು. ಅದನ್ನು ಆಧರಿಸಿ ಗಂಡನ ಮೇಲೆ ಅವಳ ಸಿಟ್ಟು ದಿನದಿನಕ್ಕೆ ಬೆಳೆಯಿತು. ಅವಳು ಅತ್ತದ್ದನ್ನು ಅವನು ನೋಡಲಿಲ್ಲ, ಬೈದದ್ದನ್ನೇ ನೋಡಿದ.

"ಮಗಳು ಲೈಸೆನ್ಸ್ ಮಾಡಿಸ್ತೀನಿ ಅಂತ ಹಟ ಹಿಡಿದಿದಾಳೆ," ಅಕ್ಕ ಈಗ ಯಜಮಾನರಿಗೆ ಹೇಳುತ್ತಿದ್ದಳು. "ನಾನು ಬದುಕಿರೋವರೆಗೂ ಆಗಲ್ಲ ಅಂದಿದೀನಿ. ಅಪ್ಪನ ಕಾಲೇ ಅವಳಿಗೂ ಬಂದಿರೋದು. ನಮ್ಮಪ್ಪ ಹಾಗೆ ಓಡಿಸ್ತಿರಲಿಲ್ಲ ಅಂತ ಜಗಳಕ್ಕೆ ಬರ್ತಾಳೆ. ಎರಡು ವಾರ ಆಯ್ತು ಮಾತು ಬಿಟ್ಟು."

"ಕಾಲ ಎಲ್ಲ ಸರಿಮಾಡುತ್ತೆ ತಾಯಿ," ಅಂದರು ಯಜಮಾನರು.

"ಅಕ್ಕ, ದೊಡ್ಡ ಟ್ರೇಲರ್ ತಗೋ," ಅಂದ ಅವನು. ತನ್ನ ದನಿ ಬೇರೆ ಕೋಣೆಯಿಂದ ಬಂದಂತಿತ್ತು. "ನಾಲ್ಕು ಟನ್ ಹೊರೋದು ಒಂದಿದೆ."

"ಅದನ್ನ ಎಳೆಯೋಕೆ ಈ ಪಿಕಪ್ ಆಗುತ್ತಾ?"

"ಇಲ್ಲ. ಲಾರಿ ಬೇಕು."

"ಮತ್ತೆ? ಅವರು ಪಿಕಪ್ ಕಳಿಸಿದಾರೆ. ಹೋದ ಸಲ ಎರಡು ಸಾವಿರದ ನಾನೂರ ಎಪ್ಪತ್ತು ಇದ್ದದ್ದು ಈ ಸಲ ಯಾಕೆ ಜಾಸ್ತಿ ಆಗುತ್ತೆ? ಶೆಡ್ಡಲ್ಲಿ ನಿಂತು ನಿಂತು ಕಬ್ಬಿಣ ದಪ್ಪ ಆಗುತ್ತಾ?"

"ಶುರುಮಾಡಿದ್ರು ನೋಡಿ ನಮ್ಮ ಪಂಡಿತರು," ಎಂದು ಯಜಮಾನರು ತಮ್ಮ ಮಾಮೂಲು ದನಿಗೆ ಬಂದು ಹಗುರಾದರು. "ಒಬ್ಬ ಗಿರಾಕಿ ಇವರ ಕೈಲಿ ಸಿಕ್ಕರೆ ಮುಗೀತು. ಹೇಳ್ರೀ, ಏನು ಜಾಸ್ತಿಯಾಗಿದೆ?"

ಹೇಳುವುದು ಒಂದೇ ಪದ. ಆ ಪದವನ್ನು ಹೇಳಿದರೆ ನೀಲಿ ಟ್ರೇಲರ್ ಈ ಗೇಟು ದಾಟುವುದಿಲ್ಲ, ಕಿಟಕಿಯಲ್ಲಿ ಕಾಲು ಚಾಚಿ ಮಲಗಿದವನು ಸಂಜೆ ತನ್ನ ಮನೆ ಸೇರುತ್ತಾನೆ. ಆದರೆ ಆ ಪದ ಇವತ್ತಿನ ಲೆಕ್ಕಕ್ಕೆ ಮಾತ್ರ ಸೇರಿಕೊಂಡು ಸುಮ್ಮನಿರುವುದಿಲ್ಲ. ನೀರು ಇವತ್ತು ಇದ್ದರೆ ಅವತ್ತೂ ಇತ್ತು. ಅಕ್ಕನಿಗೆ ಕೂಡಿಸಲು ಬರುತ್ತದೆ. ಅವನು ಬಾಯಿ ತೆರೆದ. "ಒಂದ್ಸಲ ನೋಡ್ಕೊಂಡು ಬರ್ತೀನಿ, ಕೂತಿರು, ಟೀ ಬರುತ್ತೆ," ಎಂದು ಹೊರಗೆ ಬಂದ.

ಹಿಂದಿನ ಎಡಗಾಲಿ ಅವನ ಎದೆಯ ಎತ್ತರಕ್ಕಿತ್ತು. ಬಿಸಿಲಿಗೆ ರಬ್ಬರು ಮೈಯಂತೆ ಬೆಚ್ಚಗಿತ್ತು. ತಟ್ಟಬೇಕಾಗಿರಲಿಲ್ಲ, ಆದರೂ ತಟ್ಟಿದ. ದಬ್. ಒಳಗೆ ಯಾರೋ ಮಗ್ಗುಲು ಬದಲಿಸಿದ ಹಾಗೆ. ಬಲಗಾಲಿಗೂ ಹೋಗಿ ತಟ್ಟಿದ. ಈ ನೀರು ಎಲ್ಲಿಯದೆಂದು ಅವನಿಗೆ ಗೊತ್ತು. ಅಕ್ಕನ ಮನೆಯ ಹಿತ್ತಲ ನಲ್ಲಿಯದು. ಅದರ ಪೈಪನ್ನು ಅವನೇ ಹಿಡಿದಿದ್ದ. ಅಪಘಾತಕ್ಕೂ ಹಿಂದಿನ ವರ್ಷದ ಒಂದು ಭಾನುವಾರ, ಭಾವ ಜಾಕ್ ಏರಿಸಿ ಗಾಲಿಯ ವಾಲ್ವನ್ನು ಮೇಲಕ್ಕೆ ತಿರುಗಿಸಿ, ಪೈಪಿನ ಬಾಯಿ ಸಿಕ್ಕಿಸಿ, ನೀನು ಹಿಡ್ಕೋ ತಕ್ಕಡಿ, ಅಲುಗಾಡಿಸಬೇಡ, ಅಂದಿದ್ದ. ಮಧ್ಯೆ ಮಧ್ಯೆ ಪೈಪು ತೆಗೆದು ಒಳಗಿನ ಗಾಳಿಯನ್ನು ಹೊರಗೆ ಬಿಡಬೇಕಾಗಿತ್ತು; ಬಿಟ್ಟಾಗೆಲ್ಲ ಗಾಲಿ ಉಸ್ಸೆಂದು ಇಬ್ಬರ ಮುಖಕ್ಕೂ ನೀರು ಉಗುಳುತ್ತಿತ್ತು. ಎಷ್ಟು ಹಿಡಿಯುತ್ತೆ ಭಾವ ಎಂದು ಕೇಳಿದ್ದಕ್ಕೆ, ಒಂದೊಂದಕ್ಕೆ ಇನ್ನೂರ ಹತ್ತು ಲೀಟರ್, ಬರ್ಕೋ, ನಿನ್ನ ಹೊಟ್ಟೆಗೆ ಸಮಾಧಾನ ಆಗ್ಲಿ ಅಂದಿದ್ದ. ಅವನು ಬರೆದುಕೊಂಡಿರಲಿಲ್ಲ. ಕೆಲವು ಅಂಕಿಗಳನ್ನು ಬರೆದುಕೊಳ್ಳಬೇಕಾಗಿರುವುದಿಲ್ಲ.

ಮರೆತಿದ್ದೆ ಎಂದು ಅವನು ತನಗೆ ತಾನೇ ಹೇಳಿಕೊಳ್ಳಲು ಎಷ್ಟು ಪ್ರಯತ್ನಪಟ್ಟಿದ್ದಾನೆಂದರೆ, ಬೇರೆ ಯಾರಾದರೂ ಅಷ್ಟು ಪ್ರಯತ್ನದಲ್ಲಿ ನಿಜವಾಗಿ ಮರೆತಿರುತ್ತಿದ್ದರು. ಆದರೆ ನೆನಪಾದ ಕ್ಷಣವೇ ನೆನಪಿದ್ದರೆ ಏನು ಮಾಡುವುದು. ಅವತ್ತು ಬೆಳಿಗ್ಗೆ ಒಬ್ಬ ಗಿರಾಕಿಗೆ ಅವನು ದೊಡ್ಡ ಟ್ರೇಲರೇ ಆಗಬೇಕೆಂದು ಹಟ ಹಿಡಿದು, ಆತ ಎದುರಿನ ಯಾರ್ಡಿಗೆ ಹೋಗಿಬಿಟ್ಟಿದ್ದ. ಯಜಮಾನರು ಅದನ್ನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದು, ಭಾವ ಬಂದಾಗ, ಇನ್ನಿಬ್ಬರು ಗಿರಾಕಿಗಳ ಎದುರು ತೆಗೆದರು. "ನಮ್ಮ ಪಂಡಿತರು ಡ್ರೈವರ್ ಊಟದ ಡಬ್ಬಿನೂ ತೂಗ್ತಾರೆ. ಊಟ ಆದಮೇಲೆ ಇನ್ನೊಂದ್ಸಲ ತೂಗ್ತಾರೆ." ಎಲ್ಲರೂ ನಕ್ಕರು. ಅದು ಪರವಾಗಿಲ್ಲ, ಹಳೆಯ ಜೋಕು. ಅವನು ಭಾವನ ಕಡೆ ನೋಡಿದ, ಈ ಮನುಷ್ಯ ಒಂದು ಮಾತು ಆಡುತ್ತಾನೆ, ನಮ್ಮ ತಕ್ಕಡಿಗೆ ಏನೂ ಅನ್ನಬೇಡಿ ಎನ್ನುತ್ತಾನೆ ಎಂದುಕೊಂಡು. ಭಾವ ತೊಡೆ ತಟ್ಟಿಕೊಂಡು, "ಡಬ್ಬಿ ಬಿಡಿ ಸಾರ್, ನಾನೀಗ ಉಚ್ಚೆ ಹೊಯ್ದು ಬಂದ್ರೆ ಅದನ್ನೂ ಕಳೀತಾನೆ ಇವನು!" ಅಂದ. ನಗು ಗೋಡೆಗೆ ಬಡಿದು ವಾಪಸು ಬಂತು. ಗಿರಾಕಿಗಳಲ್ಲೊಬ್ಬ ಕಣ್ಣೊರೆಸಿಕೊಂಡ. ಆ ನಗುವಿನ ಒಳಗೆ, ಭಾವನ ಮೈಯೊಳಗಿನ ನೀರನ್ನು ಕಳೆಯುವ ಆ ಮಾತಿನಿಂದಲೇ, ಅವನಿಗೆ ಗಾಲಿಯೊಳಗಿನ ನೀರು ನೆನಪಾಯಿತು. ಸ್ಪಷ್ಟವಾಗಿ, ಹಿತ್ತಲು, ಪೈಪು, ಇನ್ನೂರ ಹತ್ತು, ಎಲ್ಲ. ಕೈಯಲ್ಲಿ ಪೆನ್ಸಿಲಿತ್ತು. ಈಗ ನೀರು ಎಂದರೆ ಇವರು ಬಿದ್ದು ಬಿದ್ದು ನಗುತ್ತಾರೆ ಎನ್ನಿಸಿತು. ನಗಲಿ ಬಿಡು ಎನ್ನಿಸಲಿಲ್ಲ. ಪುಸ್ತಕದಲ್ಲಿ ಇರುವುದನ್ನೇ ಬರೆಯುತ್ತೇನೆ, ಎಲ್ಲರಂತೆ ಬರೆಯುತ್ತೇನೆ, ಎಂದು ಹಲ್ಲು ಕಚ್ಚಿ, ಎರಡು ಗೆರೆ ಎಳೆದು, ಹಿಡಿಯುತ್ತದೆ ಎಂದು ಬರೆದ. ಬರೆಯುವಾಗ ಒಂದು ಸುಖವಿತ್ತು. ಅದನ್ನು ಅವನು ಯಾರಿಗೂ ಹೇಳಲಾರ. ಆ ಸುಖ ಇತ್ತು.

ಗಾಲಿಗೆ ತಟ್ಟಲಿಲ್ಲ. ಭಾವ ಪಿಕಪ್ ಹತ್ತಿ ಕಿಟಕಿಯಿಂದ ತಲೆ ಹೊರಗೆ ಹಾಕಿ, ಪ್ರತಿ ಸಲದಂತೆ, "ನನ್ನ ಎಂಬತ್ತು ಕೆಜಿ ಸೇರಿಸಿದೀಯೇನೋ ತಕ್ಕಡಿ?" ಎಂದು ಕೇಳಿದ. ಸಂಧಾನದ ದನಿ ಅದು, ಅವನಿಗೆ ಗೊತ್ತಾಗಿತ್ತು. "ನೀವು ಕೂರೋದು ಪಿಕಪ್ಪಲ್ಲಿ ಭಾವ, ಟ್ರೇಲರಲ್ಲಲ್ಲ," ಎಂದು ಮುಖ ತಿರುಗಿಸಿದ್ದ. ಆಮೇಲೆ ಆ ಇಳಿಜಾರಿನ ತನಕ ನಲವತ್ತು ನಿಮಿಷ. ಅಷ್ಟು ಹೊತ್ತಿನಲ್ಲಿ ಒಂದು ಫೋನ್ ಮಾಡಬಹುದಾಗಿತ್ತು. ಫೋನು ಮೇಜಿನ ಮೇಲಿತ್ತು. ಅವನು ಅದನ್ನು ಎರಡು ಸಲ ಬೆರಳಿನಿಂದ ತಟ್ಟಿ ನೋಡಿದ್ದ.

ಆಫೀಸಿನ ಒಳಗಿನಿಂದ ಟೀ ಲೋಟಗಳ ಸದ್ದು ಬಂತು. ಆಗ ಅವನಿಗೆ ಹೊಳೆಯಿತು, ಎಷ್ಟು ಸರಳವೆಂದರೆ ಇಷ್ಟು ದಿನ ಹೊಳೆಯದ್ದಕ್ಕೆ ನಾಚಿಕೆಯಾಗುವಷ್ಟು. ನೀರನ್ನು ಬಿಟ್ಟುಬಿಟ್ಟರೆ ಆಯಿತು. ನಾನೂರ ಇಪ್ಪತ್ತು ಕೆಜಿ ನೆಲಕ್ಕೆ ಹೋದರೆ ಉಳಿಯುವುದು ಎರಡು ಸಾವಿರದ ನಾನೂರ ಎಪ್ಪತ್ತು, ಚೀಟಿಯಲ್ಲಿ ಇದ್ದಷ್ಟೇ. ನೀಲಿ ಟ್ರೇಲರ್ ಹಿಡಿಯುತ್ತದೆ. ಮಲಗಿದವನು ಮನೆ ಸೇರುತ್ತಾನೆ. ಯಾರೂ ಯಾರಿಗೂ ಏನೂ ಹೇಳಬೇಕಾಗಿಲ್ಲ. ಹದಿನಾಲ್ಕು ತಿಂಗಳು ತಡವಾಗಿ ಆದರೂ ಅವನ ಲೆಕ್ಕ ಸರಿಯಾಗುತ್ತದೆ. ಸುಳ್ಳನ್ನು ನಿಜ ಮಾಡುವ ಇಂಥ ಸದವಕಾಶ ಎಷ್ಟು ಜನಕ್ಕೆ ಸಿಗುತ್ತದೆ. ಎಡಗಾಲಿಯ ವಾಲ್ವು ಪಕ್ಕಕ್ಕೆ ಬಂದು ನಿಂತಿತ್ತು. ಹಾರೆ ತಂದು ಗಾಲಿಯ ಬುಡಕ್ಕೆ ಕೊಟ್ಟು ಮೀಟಿದ. ಅಷ್ಟು ಭಾರದ್ದು ಗೇಣು ಗೇಣಾಗಿ ಉರುಳಿ, ವಾಲ್ವು ಬುಡಕ್ಕೆ ಬಂತು. ಮಂಡಿಯೂರಿ, ಮುಚ್ಚಳ ಬಿಚ್ಚಿ, ಒಳಗಿನ ಪಿನ್ನನ್ನು ತಿರುಗಿಸಿ ತೆಗೆದ.

ನೀರು ಮೊದಲು ಅವನ ಮುಖಕ್ಕೆ ಹೊಡೆಯಿತು. ತುಕ್ಕಿನ ಬಣ್ಣ, ರಬ್ಬರಿನ ವಾಸನೆ, ಬಿಸಿಲಿಗೆ ಕಾದು ಬೆಚ್ಚಗೆ. ಉಗುಳಿದ. ಭಾವ ಎಲ್ಲೋ ಪಕ್ಕದಲ್ಲಿ ಕೂತು ನಕ್ಕಂತಾಯಿತು. ಆ ನಗು ಗಾಲಿಯ ಒಳಗಿನಿಂದಲೂ ಬಂದಿರಬಹುದು, ಗಾಳಿ ಸಿಕ್ಕಿಹಾಕಿಕೊಂಡಾಗ ನೀರು ಹಾಗೇ ಗಳಗಳಿಸುತ್ತದೆ. ಧಾರೆ ಹೆಬ್ಬೆರಳಿನಷ್ಟೂ ದಪ್ಪವಿರಲಿಲ್ಲ. ಅವನು ಲೆಕ್ಕ ಹಾಕಿದ, ಒಂದು ಗಾಲಿಗೆ ಅರ್ಧ ಗಂಟೆ. ಯಜಮಾನರಿಗೆ ಅರ್ಧ ಗಂಟೆಯ ಮಾತಿಗೆ ಬರವಿಲ್ಲ. ಕೂತು ನೋಡುತ್ತಿದ್ದ. ಎರಡು ವರ್ಷದ ಹಿಂದಿನ ಭಾನುವಾರ ಒಂದೇ ಸಮನೆ ಹೊರಗೆ ಬರುತ್ತಿತ್ತು. ಇದು ಅಪಘಾತದ ಹಳ್ಳದಲ್ಲಿ ಉರುಳಿದಾಗಲೂ ಒಳಗೇ ಇದ್ದ ನೀರು, ಪೊಲೀಸಿನವರು ಟೇಪು ಹಿಡಿದು ಅಳೆಯುವಾಗ ಒಂದು ಮಾತೂ ಆಡದ ನೀರು, ಅಕ್ಕನ ಶೆಡ್ಡಿನಲ್ಲಿ ಅವಳು ಗಂಡನನ್ನು ಬೈಯುವುದನ್ನೆಲ್ಲ ಕೇಳಿಸಿಕೊಂಡು ತೆಪ್ಪಗಿದ್ದ ನೀರು. ಅದರ ಪಕ್ಕದಲ್ಲಿ ಮಂಡಿಯೂರಿ ಕೂತವನು ಅದಕ್ಕಿಂತ ಹೆಚ್ಚೇನೂ ಮಾಡಿರಲಿಲ್ಲ.

ಈ ಯಾರ್ಡಿನ ಸಿಮೆಂಟು ಹಾಕಿದ ಮೇಸ್ತ್ರಿ ಇಳಿಜಾರನ್ನು ತಪ್ಪು ಕಡೆಗೆ ಕೊಟ್ಟಿದ್ದಾನೆ. ಟ್ರೇಲರ್ ತೊಳೆದ ನೀರೆಲ್ಲ ಚರಂಡಿಗೆ ಹೋಗದೆ ಆಫೀಸಿನ ಗೋಡೆ ಬಳಸಿ ಬಾಗಿಲಿಗೇ ಹೋಗುತ್ತದೆ. ಯಜಮಾನರು ವಾರಕ್ಕೊಮ್ಮೆ ಆ ಮೇಸ್ತ್ರಿಯ ಕುಲವನ್ನೆಲ್ಲ ನೆನೆಯುತ್ತಾರೆ. ಇದು ಅವನಿಗೆ ಗೊತ್ತಿರಲಿಲ್ಲ ಎಂದು ಹೇಳುವಂತಿಲ್ಲ. ಏಳು ವರ್ಷದಿಂದ ಆ ನೀರನ್ನು ಗುಡಿಸಿದವನು ಅವನೇ. ಕೆಂಪು ನೀರು ಗೋಡೆಯ ಮೂಲೆಯ ತನಕ ಹೋಗಿ, ಅಲ್ಲಿ ಒಂದು ಕ್ಷಣ ತುಂಬಿಕೊಂಡು ನಿಂತು, ತಿರುಗಿ, ಕಣ್ಮರೆಯಾದದ್ದನ್ನು ಅವನು ನೋಡಿದ. ಏಳಲಿಲ್ಲ. ಅಡ್ಡಕ್ಕೆ ಒಂದು ಗೋಣಿಚೀಲ ಹಾಕಿದ್ದರೆ ಸಾಕಿತ್ತು. ಗೋಣಿಚೀಲ ಕೈಗೆಟಕುವಷ್ಟು ಹತ್ತಿರದಲ್ಲೇ ಇತ್ತು. ಧಾರೆ ಸಣ್ಣದಾಗುತ್ತ ಬಂತು. ಗಾಲಿ ಒಮ್ಮೆ ಗಾಳಿ ಎಳೆದುಕೊಂಡಿತು, ಮುದುಕರು ಎದ್ದು ನಿಲ್ಲುವಾಗ ಎಳೆದುಕೊಳ್ಳುವ ಹಾಗೆ.

ಗೋಡೆಯ ಮೂಲೆಯಲ್ಲಿ ಅಕ್ಕ ನಿಂತಿದ್ದಳು. ಎರಡೂ ಚಪ್ಪಲಿ ಒದ್ದೆಯಾಗಿದ್ದವು. ಅವಳ ಹಿಂದೆ ಯಜಮಾನರು, "ಯಾರ್ರೀ ಅದು ನೀರು ಬಿಟ್ಟಿರೋದು, ಪಂಡಿತರೇ, ಒಳಗೆಲ್ಲ..." ಎಂದು ಬಂದವರು ಅವಳ ಮುಖ ನೋಡಿ ಹಿಂದಕ್ಕೆ ಸರಿದರು.

ಅವಳು ನೀರಿನ ಜಾಡನ್ನು ಕಣ್ಣಿನಿಂದ ಹಿಂಬಾಲಿಸುತ್ತ ಗಾಲಿಯ ತನಕ ಬಂದಳು, ಗಾಲಿಯಿಂದ ಅವನ ಕೈಯಲ್ಲಿದ್ದ ವಾಲ್ವಿನ ಪಿನ್ನಿಗೆ, ಪಿನ್ನಿನಿಂದ ಒದ್ದೆ ಮುಖಕ್ಕೆ.

"ಇಷ್ಟು ನೀರು ಎಲ್ಲಿತ್ತು?"

"ಒಳಗೆ."

"ಎಷ್ಟಿತ್ತು?"

"ಒಂದೊಂದರಲ್ಲಿ ಇನ್ನೂರ ಹತ್ತು ಲೀಟರ್."

ಅವಳ ತುಟಿ ಅಲುಗಿತು. ಬಟ್ಟೆಯ ಅಳತೆ ಕೂಡಿಸುವಾಗ ಅಲುಗುವ ಹಾಗೆ. "ನಾನೂರ ಇಪ್ಪತ್ತು," ಅಂದಳು. "ಅವತ್ತೂ ಇತ್ತು."

"ಇತ್ತು."

"ಅವರು ನಿನಗೆ ಹೇಳಿರಲಿಲ್ವಾ?"

ಇದೊಂದು ಬಾಗಿಲು. ಅದನ್ನು ಅವಳೇ ತೆರೆದು ಹಿಡಿದಿದ್ದಳು, ತಮ್ಮನಲ್ಲವೇ. ಹೇಳಿರಲಿಲ್ಲ ಎಂದರೆ ತಪ್ಪು ಮತ್ತೆ ಸತ್ತವನ ಪಾಲಿಗೆ ಹೋಗುತ್ತದೆ, ಅಲ್ಲಿ ಅದಕ್ಕೆ ಈಗಾಗಲೇ ಒಂದು ಜಾಗ ಮಾಡಿಯಾಗಿದೆ.

"ಹೇಳೋದೇನು ಅಕ್ಕ. ಪೈಪು ಹಿಡಿದಿದ್ದವನು ನಾನೇ."

"ಮರೆತಿದ್ದೆಯಾ?"

ಪಿಕಪ್ಪಿನ ಡ್ರೈವರ್ ಎಚ್ಚರವಾಗಿ ಗೇಟಿನ ಹತ್ತಿರ ಆಕಳಿಸುತ್ತಿದ್ದ. ಹೆದ್ದಾರಿಯಲ್ಲಿ ಒಂದು ಲಾರಿ ಗೇರು ಬದಲಿಸಿತು.

"ಇಲ್ಲ," ಅಂದ. "ನೆನಪಿತ್ತು. ಬರೆಯೋವಾಗ ನೆನಪಿತ್ತು. ಅವರು ನನ್ನನ್ನ ನೋಡಿ ನಕ್ಕಿದ್ರು. ಅದಕ್ಕೆ ಬರೀಲಿಲ್ಲ."

ಅವಳು ಹೊಡೆಯುತ್ತಾಳೆಂದು ಅವನು ಕಾದ. ಚಿಕ್ಕಂದಿನಲ್ಲಿ ಚೆನ್ನಾಗಿ ಹೊಡೆಯುತ್ತಿದ್ದಳು. ಅವಳು ಕುತ್ತಿಗೆಯ ಟೇಪನ್ನು ತೆಗೆದು, ಯಾವುದೋ ಅಳತೆ ತೆಗೆಯುವವಳಂತೆ ಒಂದು ತುದಿಯನ್ನು ಹಿಡಿದು, ಮತ್ತೆ ಸುತ್ತಿ ಬ್ಯಾಗಿಗೆ ಹಾಕಿದಳು. ಹಾಕಿದ ಕೈಯಲ್ಲೇ ಚೀಟಿ ಹೊರಗೆ ಬಂತು.

"ಹಾಗಾದ್ರೆ ಅವರು ಜೋರಾಗಿ ಓಡಿಸಲಿಲ್ಲ."

"ಅವರು ಯಾವತ್ತು ಓಡಿಸಿದ್ರು ಅಕ್ಕ."

"ಹದಿನಾಲ್ಕು ತಿಂಗಳು," ಅಂದಳು, ಅವನಿಗಲ್ಲ. "ದಿನಾ ಬೈದಿದೀನಿ." ಆಮೇಲೆ ಚೀಟಿಯನ್ನು ಅವನ ಮುಂದೆ ಹಿಡಿದಳು. "ಬರಿ."

ಅವನು ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು, ಕಿವಿಯ ಮೇಲಿದ್ದ ಪೆನ್ಸಿಲನ್ನು ತೆಗೆದು, ಗಾಲಿಗೇ ಕಾಗದವನ್ನು ಆನಿಸಿ ಬರೆದ. ಗಾಲಿ ನೀರು ೪೨೦. ಒಟ್ಟು ೨೮೯೦. ಹಿಡಿಯುತ್ತದೆ ಎಂಬುದನ್ನು ಹೊಡೆದುಹಾಕಲು ಹೋದ. "ಅದು ಹಾಗೇ ಇರಲಿ," ಅಂದಳು ಅಕ್ಕ. "ಕೆಳಗೆ ಬರಿ. ಹೆಸರು ಹಾಕು." ಅವನು ಬರೆದು, ಹೆಸರು ಹಾಕಿದ. ಒದ್ದೆ ಹೆಬ್ಬೆರಳಿನ ಕೆಂಪು ಗುರುತು ಕಾಗದದ ಅಂಚಿಗೆ ಕೂತಿತು. ಅವಳು ಅದು ಒಣಗುವ ತನಕ ಊದಿ, ಹಳೆಯ ಮಡಿಕೆಗಳ ಗುಂಟವೇ ಮಡಚಿದಳು. "ಮಗಳಿಗೆ ತೋರಿಸಬೇಕು," ಅಂದಳು.

ಅವನು ಬೇರೇನು ಮಾಡಬೇಕೆಂದು ತಿಳಿಯದೆ ಹಾರೆಯನ್ನು ಎತ್ತಿಕೊಂಡು ಬಲಗಾಲಿಯ ಕಡೆ ಹೊರಟ.

"ಎಲ್ಲಿಗೆ?"

"ಆ ಕಡೇದನ್ನೂ ಬಿಟ್ಟರೆ ಸರಿಹೋಗುತ್ತೆ. ನೀಲಿದೇ ಹಿಡಿಯುತ್ತೆ."

"ಅದನ್ನ ಮುಟ್ಟಬೇಡ." ಅವಳು ಟ್ರ್ಯಾಕ್ಟರನ್ನು ಬಳಸಿ ಬಲಗಾಲಿಯ ಹತ್ತಿರ ಹೋಗಿ ನಿಂತಳು. ಅದಕ್ಕೆ ಕೈ ತಾಗಿಸಲಿಲ್ಲ; ಅವನಿಗೂ ಅದಕ್ಕೂ ನಡುವೆ ನಿಂತಳು, ಅಷ್ಟೆ. "ಅದು ಅವರು ತುಂಬಿಸಿದ್ದು. ಹಾಗೇ ಹೋಗಲಿ."

"ಒಂದೇ ಗಾಲಿಯಲ್ಲಿ ನೀರಿದ್ರೆ ಒಂದು ಕಡೆ ವಾಲುತ್ತೆ ಅಕ್ಕ."

"ವಾಲದ ಹಾಗೆ ಕೂರಿಸೋದು ನಿನ್ನ ಕೆಲಸ. ಎಷ್ಟಾಗುತ್ತೆ ಈಗ, ಒಂದು ಗಾಲಿ ನೀರು ಸೇರಿಸಿದ್ರೆ?"

"ಎರಡು ಸಾವಿರದ ಆರುನೂರ ಎಂಬತ್ತು."

"ನೀಲಿದು ಎಷ್ಟು ಹೊರುತ್ತೆ?"

"ಎರಡು ಸಾವಿರದ ಆರುನೂರು." ಅವನು ನಿಲ್ಲಿಸಿದ. ಹೇಳದೆ ಬಿಡಬಹುದಾಗಿತ್ತು, ಕಳೆಯುವುದು ಅವಳಿಗೂ ಬರುತ್ತದೆ. "ಎಂಬತ್ತು ಕೆಜಿ ಜಾಸ್ತಿ."

ಅಕ್ಕ ಅವನನ್ನು ನೋಡಿದಳು. ಆ ಅಂಕಿ ಅವಳಿಗೆ ಗೊತ್ತಿತ್ತು. ಹದಿನೆಂಟು ವರ್ಷ ಅವಳು ಅದಕ್ಕೆ ಶರ್ಟು ಹೊಲಿದಿದ್ದಳು.

"ಲಾರಿಗೆ ಫೋನ್ ಮಾಡು," ಅಂದಳು.

ಯಜಮಾನರು ಬಾಗಿಲಲ್ಲಿ ಪೊರಕೆ ಹಿಡಿದು ನಿಂತಿದ್ದರು. ಒಂದು ಜೋಕು ಬಾಯಿಯ ತನಕ ಬಂದು ನಿಂತದ್ದು ಅವರ ಮುಖದಲ್ಲಿ ಕಾಣಿಸುತ್ತಿತ್ತು. ಅವನು ಅವರ ಪಕ್ಕದಿಂದ ಒಳಗೆ ಹೋಗಿ, ನೀರಿನಲ್ಲಿ ನಿಂತು, ಮೇಜಿನ ಮೇಲಿದ್ದ ಫೋನನ್ನು ಎತ್ತಿಕೊಂಡ.